ದಾಲ್ ಮಿಲ್ಲಿನ ಕಚೇರಿಯಿಂದ ಕಾಟಾದವರೆಗೆ: ತಾಮ್ರ, ವೈಫೈ, ಫೈಬರ್

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ ಒಂದರಲ್ಲಿ ಕಚೇರಿಗೂ ಗೇಟಿನ ಬಳಿಯ ತೂಕದ ಕಾಟಾಕ್ಕೂ ನಡುವೆ ಸುಮಾರು 90 ಮೀಟರ್ ಅಂತರವಿದೆ. ತೊಗರಿ ಹೇರಿಕೊಂಡು ಬಂದ ಲಾರಿಯ ತೂಕವೂ ಕ್ಯಾಮೆರಾದ ಚಿತ್ರವೂ ಕೂಡಲೇ ಕಚೇರಿಯ ಕಂಪ್ಯೂಟರಿಗೆ ತಲುಪಬೇಕು. ಈ ಒಂದೇ ದಾರಿಯಲ್ಲಿ ಕ್ಯಾಟ್ 6 ತಾಮ್ರದ ಕೇಬಲ್, ವೈಫೈ ಹಾಗೂ ಸಿಂಗಲ್ ಮೋಡ್ ಫೈಬರ್ (ಬೆಳಕನ್ನು ಒಯ್ಯುವ ತೆಳುವಾದ ಗಾಜಿನ ಎಳೆ) ಮೂರನ್ನೂ ಬಳಸಿ ನೋಡಿದ್ದೇನೆ.

ತಾಮ್ರದ ಕೇಬಲಿನಲ್ಲಿ ಹೊಸೆದ ನಾಲ್ಕು ಜೋಡಿ ತಂತಿಗಳಿರುತ್ತವೆ. ಸೆಕೆಂಡಿಗೆ ಒಟ್ಟು 1000 ಮೆಗಾಬಿಟ್ ಸಾಗಿಸುವ ಗಿಗಾಬಿಟ್ ಈಥರ್ನೆಟ್ ಪದ್ಧತಿ ಪ್ರತಿ ಜೋಡಿಯ ಮೇಲೆ ಸೆಕೆಂಡಿಗೆ 250 ಮೆಗಾಬಿಟ್‌ನಂತೆ, ಐದು ಹಂತದ ವೋಲ್ಟೇಜುಗಳ ರೂಪದಲ್ಲಿ ದತ್ತಾಂಶವನ್ನು ಸಾಗಿಸುತ್ತದೆ. ಹೊರಗಿನ ವಿದ್ಯುತ್ ಗದ್ದಲವು ಹೊಸೆದ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುವುದರಿಂದ, ಅವುಗಳ ವ್ಯತ್ಯಾಸವನ್ನಷ್ಟೇ ಓದುವ ತುದಿಯಲ್ಲಿ ಅದು ಬಹುಮಟ್ಟಿಗೆ ಅಳಿದುಹೋಗುತ್ತದೆ. ಆದರೂ ಮೋಟಾರಿನ ವಿದ್ಯುತ್ ಕೇಬಲಿನೊಂದಿಗೆ ಒಂದೇ ಟ್ರೇಯಲ್ಲಿ ಹಾಯ್ದಿದ್ದಾಗ, ಮೋಟಾರು ಚಾಲೂ ಆದೊಡನೆ ಸ್ವಿಚ್ಚಿನಲ್ಲಿ (ಜಾಲದ ಕೇಬಲುಗಳು ಸೇರುವ ಪೆಟ್ಟಿಗೆ) ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ಕೆಟ್ಟ ದತ್ತಾಂಶದ, ಅಂಕಿ ಏರತೊಡಗುತ್ತಿತ್ತು. ಫ್ರೇಮಿನ, ಅಂದರೆ ದತ್ತಾಂಶದ ಒಂದು ಕಂತಿನ, ಕೊನೆಯ 32 ಬಿಟ್‌ಗಳ ತಾಳೆ ಹೊಂದದಿದ್ದರೆ ಸ್ವಿಚ್ ಆ ಫ್ರೇಮನ್ನೇ ಕೈಬಿಡುತ್ತದೆ. ಬೇರೆ ಪೈಪಿನಲ್ಲಿ ಎಳೆದ ಮೇಲೆ ಏರಿಕೆ ನಿಂತಿತು. ನಿಲ್ಲದೆ ಉಳಿದದ್ದು ಮುಂಗಾರಿಗೆ ಮೊದಲಿನ ಸಿಡಿಲಿನ ಕಾಟ: ಹತ್ತಿರದಲ್ಲಿ ಸಿಡಿಲು ಬಡಿದರೆ ಅಷ್ಟುದ್ದದ ತಾಮ್ರದಲ್ಲಿ ಹುಟ್ಟುವ ವೋಲ್ಟೇಜು ಪೋರ್ಟುಗಳನ್ನು ಸುಡಬಲ್ಲದು, ನಮ್ಮಲ್ಲಿ ಸುಟ್ಟದ್ದೂ ಉಂಟು.

ವೈಫೈ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದೇ ಚಾನೆಲ್ಲಿನಲ್ಲಿ ಎಲ್ಲ ಸಾಧನಗಳೂ ಸರದಿಯಂತೆ ಮಾತನಾಡಬೇಕು, ಮತ್ತು ನಡುವೆ ಲಾರಿ ನಿಂತರೆ 5 ಗಿಗಾಹರ್ಟ್ಸ್ ಸಂಕೇತ ಕುಗ್ಗುತ್ತದೆ. ಕಾಟಾದ ಮುಂದೆ ಲಾರಿ ನಿಲ್ಲದ ದಿನ ಸುಗ್ಗಿಯಲ್ಲಿ ಎಲ್ಲಿದೆ?

ಫೈಬರನ್ನು ನಾನು ಮೆಚ್ಚುವುದು ವೇಗಕ್ಕಾಗಿ ಅಲ್ಲ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ, ತಾಮ್ರದಲ್ಲಿನ ಸಂಕೇತವೂ ಸರಿಸುಮಾರು ಅಷ್ಟೇ. 90 ಮೀಟರಿನಲ್ಲಿ ವಿಳಂಬದ ಅಂತರ ಗಮನಕ್ಕೇ ಬಾರದು. ಸುಮಾರು 9 ಮೈಕ್ರಾನ್ ಅಗಲದ ತಿರುಳಿನಲ್ಲಿ 1310 ನ್ಯಾನೋಮೀಟರ್ ಬೆಳಕಿನ ಮಿಡಿತಗಳಾಗಿ ಬಿಟ್‌ಗಳು ಹೋಗುತ್ತವೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಮೋಟಾರಿನ ಗದ್ದಲವಾಗಲಿ ಸಿಡಿಲಿನ ಪ್ರವಾಹವಾಗಲಿ ಅದರ ಮೂಲಕ ಮತ್ತೊಂದು ತುದಿಗೆ ದಾಟದು. ಇದಕ್ಕಾಗಿ ಉಕ್ಕಿನ ತಂತಿ ಇಲ್ಲದ, ಲೋಹರಹಿತ ಫೈಬರನ್ನೇ ಕೇಳಿ ಕೊಳ್ಳಬೇಕು. ಬೇಳೆಯ ಹೊಟ್ಟಿನ ಧೂಳು ಕನೆಕ್ಟರಿನ ತುದಿಗೆ ಅಂಟಿದರೆ ಬೆಳಕು ಕುಂದುತ್ತದೆ, ಆದ್ದರಿಂದ ಬಿಚ್ಚಿದಾಗಲೆಲ್ಲ ಒರೆಸಿಯೇ ಸೇರಿಸಬೇಕು. ತುಂಡಾದರೆ ಗಾಜಿನ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರವಿರುವವರನ್ನು ಕರೆಸಬೇಕಾಗುತ್ತದೆ. ತಾಮ್ರವಾದರೆ ನಾವೇ ತುದಿಗೆ ಕನೆಕ್ಟರು ಒತ್ತಿ ಕ್ರಿಂಪ್ ಮಾಡಿಕೊಳ್ಳುತ್ತಿದ್ದೆವು.

ಈಗ ಕಟ್ಟಡಗಳ ನಡುವೆ ಫೈಬರ್ ಇದೆ, ಕೋಣೆಯೊಳಗೆ ತಾಮ್ರವಿದೆ. ಫೈಬರಿನ ಮೂಲಕ ಕ್ಯಾಮೆರಾಕ್ಕೆ ವಿದ್ಯುತ್ ಕೊಡಲಾಗದು. ಆ ಕೆಲಸಕ್ಕೆ ಕಾಟಾದ ಕೋಣೆಯಲ್ಲಿ ಪಿಒಇ ಸ್ವಿಚ್ (ದತ್ತಾಂಶದ ಕೇಬಲಿನಲ್ಲೇ ವಿದ್ಯುತ್ತನ್ನೂ ಕೊಡುವ ಸ್ವಿಚ್) ಇಟ್ಟು, ಅದನ್ನೂ ಫೈಬರಿನ ಬೆಳಕನ್ನು ತಾಮ್ರದ ಸಂಕೇತವಾಗಿ ಬದಲಿಸುವ ಮೀಡಿಯಾ ಕನ್ವರ್ಟರನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿದ್ದೇವೆ.