ಕೇರ್ ಹೋಮ್‌ಗೆ ಡೆಪಾಸಿಟ್ ಕಟ್ಟೋ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಅಪ್ಪ ಅಮ್ಮನಿಗೆ ಕೇರ್ ಹೋಮ್ ಹುಡುಕುತ್ತಿರುವವರು ದಯವಿಟ್ಟು ಓದಿ. ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಹೋಗೋಣ ಅಂತ ನಿರ್ಧಾರ ಮಾಡಿದ್ದು ಅಮ್ಮನೇ. ಮಂಡಿ ನೋವು, ಶುಗರ್, ಎರಡು ಹೊತ್ತು ಇನ್ಸುಲಿನ್. ನಾವಿಬ್ಬರೂ ಕೆಲಸಕ್ಕೆ ಹೋಗುವವರು. "ಮನೇಲಿ ಒಬ್ಬಳೇ ಕೂರೋದಕ್ಕಿಂತ ನನ್ನ ವಯಸ್ಸಿನವರ ಜೊತೆ ಇರ್ತೀನಿ" ಅಂದರು. ನೋಡಿದ ಜಾಗದಲ್ಲಿ ರ‍್ಯಾಂಪ್, ಬಾತ್‌ರೂಮಲ್ಲಿ ಹಿಡಿಕೆ, ತೋಟ ಎಲ್ಲಾ ಇತ್ತು. "ಇಪ್ಪತ್ನಾಲ್ಕು ಗಂಟೆ ನರ್ಸ್ ಇರ್ತಾರೆ, ಇನ್ಸುಲಿನ್ ಅವರೇ ಕೊಡ್ತಾರೆ" ಅಂದರು ಮ್ಯಾನೇಜರ್. ಮೊದಲು ಒಂದು ವಾರ ಇದ್ದು ನೋಡಲಿ ಅಂದೆ. "ಇದೊಂದೇ ರೂಮ್ ಉಳಿದಿರೋದು ಮೇಡಂ. ಡೆಪಾಸಿಟ್ ಹೇಗೂ ವಾಪಸ್ ಬರುತ್ತಲ್ಲ!" 2 ಲಕ್ಷ ಕಟ್ಟಿದೆವು. ತಿಂಗಳ ದುಡ್ಡು ಬೇರೆ.

ಒಂದು ಭಾನುವಾರ ಹೇಳದೆ ಹೋದೆ. ನರ್ಸ್ ಟೇಬಲ್ ಮೇಲೆ ಅಮ್ಮನ ಮಾತ್ರೆ ಡಬ್ಬಿ ಇತ್ತು. ವಾರದ ಮಾತ್ರೆಗಳನ್ನು ದಿನಕ್ಕೆ ಎರಡು ಖಾನೆ, ಬೆಳಗ್ಗೆಗೊಂದು ರಾತ್ರಿಗೊಂದು ಅಂತ ನಾನೇ ತುಂಬಿ ಕೊಟ್ಟಿದ್ದೆ. ಬೆಳಗಿನ ಖಾನೆಗಳು ಖಾಲಿ. ರಾತ್ರಿಯವು ಬುಧವಾರದಿಂದ ಹಾಗೇ ಇವೆ! ಅಮ್ಮ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು, "ರಾತ್ರಿ ನರ್ಸ್ ಬರಲ್ಲ ಕಣೆ. ಊಟ ಆದ್ಮೇಲೆ ಒಬ್ಬ ಹುಡುಗ ಬಂದು ಸೂಜಿ ಚುಚ್ಚಿ ಹೋಗ್ತಾನೆ." ಊಟ ಆದ್ಮೇಲೆ! ಊಟಕ್ಕೆ ಮುಂಚೆ ಅಂತ ಡಾಕ್ಟರ್ ಬರೆದಿದ್ದಾರೆ, ಆ ಚೀಟಿಯ ಜೆರಾಕ್ಸ್ ಅವರ ಫೈಲಿನಲ್ಲೇ ಇದೆ.

ಕೇಳಿದರೆ, "ನರ್ಸ್ ಇದ್ದಾರಲ್ಲ ಮೇಡಂ, ಫೋನ್ ಮಾಡಿದ್ರೆ ಬರ್ತಾರೆ." ಮಾತ್ರೆ? "ಅಮ್ಮ ಕೇಳಿ ತಗೋಬೇಕಿತ್ತು." ಸ್ವಲ್ಪ ಜೋರಾಗಿ ಕೇಳಿದ್ದಕ್ಕೆ, "ನಿಮ್ಮಮ್ಮನೇ ಇಲ್ಲಿ ಹೊಂದ್ಕೊತಿಲ್ಲ." ಅಮ್ಮ ಪಕ್ಕದಲ್ಲೇ ಕೂತಿದ್ದರು. ಅವರ ಎದುರಿಗೇ ಅಂದರು. ಅದನ್ನು ನಾನು ಮರೆಯಲ್ಲ.

ಅವತ್ತೇ ಮನೆಗೆ ಕರಕೊಂಡು ಬಂದೆವು. ಡೆಪಾಸಿಟ್ ಕೇಳೋಕೆ ಹೋದಾಗ ರಸೀದಿಯನ್ನು ನನ್ನ ಕಡೆ ತಿರುಗಿಸಿ ಪೆನ್ನಿನ ತುದಿಯಿಂದ ಕೆಳಗಿನ ಸಾಲು ತೋರಿಸಿದರು. "ಅಡ್ಮಿಷನ್ ಶುಲ್ಕ. ಹಿಂತಿರುಗಿಸಲಾಗುವುದಿಲ್ಲ." ಹಣ ತಗೊಳ್ಳುವಾಗ ಬಾಯಲ್ಲಿ ಡೆಪಾಸಿಟ್, ಆಮೇಲೆ ಕೈಗೆ ಬಂದ ರಸೀದಿಯಲ್ಲಿ ಅಡ್ಮಿಷನ್ ಶುಲ್ಕ! "ನೋಡಿ ಮೇಡಂ, ಬರೆದಿದೆಯಲ್ಲ" ಅಂತ ನಗ್ತಾ ಹೇಳಿದರು. ಪಕ್ಕದಲ್ಲಿ ಇನ್ನೊಂದು ಕುಟುಂಬ ರೂಮ್ ನೋಡೋಕೆ ಬಂದು ಕೂತಿತ್ತು. ಅವರ ಮುಂದೆ ನಮ್ಮದು ಜಗಳಗಂಟರ ಮನೆ ಅನ್ನೋ ಹಾಗೆ ಮಾಡಿದರು. ಇತ್ತ ನೆಂಟರು, "ಹೆತ್ತ ತಾಯೀನ ಆಶ್ರಮಕ್ಕೆ ಬಿಟ್ರೆ ಹೀಗೇ ಆಗೋದು" ಅಂತಾರೆ.

ರಾತ್ರಿ ಎಂಟು ಗಂಟೆ ಮೇಲೆ ಹೋಗಿ ನೋಡಿ. ರಾತ್ರಿ ನರ್ಸ್ ಹೆಸರು, ಓದು ಕೇಳಿ. ಟ್ರಯಲ್ ಕೊಡಲ್ಲ ಅಂದರೆ ಎದ್ದು ಬನ್ನಿ. ಡೆಪಾಸಿಟ್ ವಾಪಸ್ ಅನ್ನೋದು ಅಗ್ರಿಮೆಂಟಿನಲ್ಲೇ ಇರಲಿ. ಮೋಸ ಆಗಿದ್ದರೆ ಗ್ರಾಹಕರ ಸಹಾಯವಾಣಿ 1915, ಹಿರಿಯರ ಸಹಾಯವಾಣಿ 14567. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಗ್ರಾಹಕರ ಆಯೋಗದಲ್ಲಿ ದೂರು ಕೊಡೋಕೆ ಫೀಸ್ ಇಲ್ಲ.

ವಾಪಸ್ ಬರುತ್ತೆ ಅಂತ ಅವರೇ ಕಳಿಸಿದ್ದ ವಾಟ್ಸಾಪ್ ಮೆಸೇಜ್ ನನ್ನ ಹತ್ತಿರ ಇದೆ. ದೂರು ಕೊಡ್ತೀನಿ ಅಂದಮೇಲೆ ಮೊನ್ನೆ ಫೋನ್ ಬಂತು. "ಅರ್ಧ ಕೊಡ್ತೀವಿ ಮೇಡಂ, ಯಾರಿಗೂ ಹೇಳಬೇಡಿ." ಪೂರ್ತಿ ಕೊಟ್ಟರೂ ಹೇಳ್ತೀನಿ ಅಂದೆ.