ಗಂಗಾವತಿಯಲ್ಲಿ ಕೊಂಡ ಇಲಿಬೋನು: ಚಿಟ್ಟಿಲಿಗೆ ಸರಿ, ಹೆಗ್ಗಣಕ್ಕೆ ಸಾಲದು

ಭತ್ತದ ಗೋದಾಮು ನಡೆಸುವವರಿಗೆ ಇಲಿಬೋನು ತಕ್ಕಡಿಯಷ್ಟೇ ಅಗತ್ಯ. ಗಂಗಾವತಿಯ ಕಬ್ಬಿಣದ ಅಂಗಡಿಯೊಂದರಲ್ಲಿ ಕೊಂಡ ಈ ತಂತಿ ಜಾಲರಿಯ ಬೋನು 20 ಗ್ರಾಂ ತೂಗುವ ಚಿಟ್ಟಿಲಿಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಕೊಕ್ಕೆಗೆ ಒಣಕೊಬ್ಬರಿಯ ಚೂರು ಸಿಕ್ಕಿಸಿದರೆ ಸಾಕು, ಬಾಗಿಲು ತಟ್ಟನೆ ಬೀಳುತ್ತದೆ.

ತಕರಾರಿರುವುದು ಹೆಗ್ಗಣದ ವಿಷಯದಲ್ಲಿ. ತಳದ ಹಲಗೆಯ ಮೂಲೆಯನ್ನು ರಾತ್ರೋರಾತ್ರಿ ಕೊರೆದು ಹೊರಟೇ ಹೋಯಿತು. ಮರದ ಮೇಲೆ ಜೋಡಿ ಜೋಡಿ ಗೀರುಗಳು, ಕೆಳಗೆ ಒಂದು ಹಿಡಿ ಪುಡಿ. ಅದರ ಬಾಚಿಹಲ್ಲಿನ ಮುಂಭಾಗದಲ್ಲಿ ಮಾತ್ರ ಎನಾಮಲ್ ಎಂಬ ಗಟ್ಟಿ ಹೊದಿಕೆ ಇರುತ್ತದೆ. ಹಿಂಭಾಗ ಬೇಗ ಸವೆದು ಅಂಚು ತಾನಾಗಿ ಹರಿತವಾಗುತ್ತದೆ. ಹಲ್ಲು ಜೀವವಿರುವವರೆಗೂ ಬೆಳೆಯುತ್ತದೆ. ಚಿಟ್ಟಿಲಿಗೂ ಇದೆಲ್ಲ ಉಂಟು, ಆದರೆ ಮೈ ದೊಡ್ಡದಾದಂತೆ ದವಡೆಯ ಸ್ನಾಯುವೂ ದಪ್ಪ, ಕಡಿತವೂ ಬಲ.

ಹಾಗೆಂದು ಎಲ್ಲವನ್ನೂ ಗಾತ್ರದ ಲೆಕ್ಕಕ್ಕೆ ಬರೆಯಲಾಗದು. ನೆಲದೊಳಗೆ ಬದುಕುವ ಇಲಿಯಂಥ ಪ್ರಾಣಿ, ಆಫ್ರಿಕಾದ ನೇಕೆಡ್ ಮೋಲ್ ರ‍್ಯಾಟ್ ತೂಗುವುದು ಸುಮಾರು 35 ಗ್ರಾಂ. ಗಟ್ಟಿ ನೆಲವನ್ನು ಹಲ್ಲಿನಿಂದಲೇ ಕೊರೆದು ಬದುಕುವ ಅದರ ಒಟ್ಟು ಸ್ನಾಯುವಿನಲ್ಲಿ ಕಾಲುಭಾಗದಷ್ಟು ದವಡೆಯಲ್ಲೇ ಇದೆ. ಬಾಯಿಗೆ ಮಣ್ಣು ಹೋಗದಂತೆ ತುಟಿಗಳು ಹಲ್ಲಿನ ಹಿಂದೆ ಮುಚ್ಚಿಕೊಳ್ಳುತ್ತವೆ! ನಮ್ಮ ಹೆಗ್ಗಣವೂ ಬಿಲ ತೋಡುವ ಜಾತಿಯೇ.

"ಯಾವ ಇಲಿಯಾದರೂ ಬೀಳುತ್ತದೆ ಸಾಹುಕಾರರೇ" ಎಂದು ಮಾರಿದವರಿಗೆ ಇಷ್ಟು ತಿಳಿಯದೇ? ಮನೆಯ ಅಡುಗೆಕೋಣೆಗೆ ಧಾರಾಳವಾಗಿ ಕೊಳ್ಳಿ. ಗೋದಾಮಿಗಾದರೆ ತಳಕ್ಕೂ ದಪ್ಪ ತಗಡು ಹಾಕಿರುವುದನ್ನೇ ಕೇಳಿ, ಬೆಲೆ ತುಸು ಹೆಚ್ಚಾದರೂ ಸರಿ.