ಖಣದ ಕುಪ್ಪಸ ಹೊಲಿಯಲು ಕೊಡುವ ಮುನ್ನ

ಅಮ್ಮ 20 ವರ್ಷ ಪೆಟ್ಟಿಗೆಯಲ್ಲಿ ಕಾಪಿಟ್ಟಿದ್ದ ಗುಳೇದಗುಡ್ಡದ ಖಣವೊಂದು ಬಸವನಗುಡಿಯ ಒಂದು ಹೊಲಿಗೆ ಅಂಗಡಿಯಲ್ಲಿ ಹಾಳಾಯಿತು. ಮದುವೆಯ ದಿನಗಳಲ್ಲಿ ಬೆಂಗಳೂರಿನಲ್ಲಿ ರವಿಕೆ ಹೊಲಿಸುವವರಿಗೆ ಇದೇ ನಷ್ಟ ಆಗಬಾರದೆಂದು ನಡೆದುದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಖಣವನ್ನು ಕುಪ್ಪಸಕ್ಕೆಂದೇ ನೇಯುತ್ತಾರೆ. ಅದರ ಅಗಲ ಕಡಿಮೆ, ಎರಡೂ ಬದಿಗೆ ಅಂಚು. ಆ ಅಂಚು ತೋಳಿನ ತುದಿಗೆ ಬಂದರೇ ಕುಪ್ಪಸಕ್ಕೆ ಶೋಭೆ. ಓರೆಯಾಗಿ ಕತ್ತರಿಸಿದರೆ ಬಟ್ಟೆ ಹೆಚ್ಚು ಬೇಕಾಗುತ್ತದೆ, ನೇಯ್ಗೆಯ ಸಣ್ಣ ಹೂಗಳೂ ವಾರೆಯಾಗುತ್ತವೆ. ನಾನು ಇದಾವುದನ್ನೂ ಹೇಳದೆ, ಹಳೆಯ ಹತ್ತಿಯ ರವಿಕೆಯೊಂದನ್ನು ಅಳತೆಗೆ ಕೊಟ್ಟು ಬಂದೆ. ತೊಟ್ಟು ತೊಟ್ಟು ಮೈಗೆ ಒಗ್ಗಿದ ಹತ್ತಿ ಎಳೆದಷ್ಟು ಬಗ್ಗುತ್ತದೆ. ಹೊಸ ಖಣ ಹಾಗೆ ಬಗ್ಗುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಲೈನಿಂಗಿನಿಂದ. ಹತ್ತಿಯ ಲೈನಿಂಗ್ ಬಟ್ಟೆಯನ್ನು ಮಗ್ಗದಲ್ಲಿ ಎಳೆದು ಕಟ್ಟಿ ನೇಯ್ದಿರುವುದರಿಂದ, ಮೊದಲ ಸಲ ನೀರು ಕಂಡಾಗ ಆ ಎಳೆತ ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಅದನ್ನು ನೆನೆಸಿ ಒಣಗಿಸಬೇಕು. ನೆನೆಸಿದ್ದೀರಾ ಎಂದು ನಾನು ಕೇಳಿದಾಗ ಅಂಗಡಿಯವರು, "ಎಲ್ಲರಿಗೂ ಹೀಗೇ ಹೊಲಿಯೋದು ಮೇಡಂ, ಏನೂ ಆಗಲ್ಲ" ಎಂದರು. ಮರುದಿನವೇ ಅಕ್ಕನ ಮಗಳ ಮದುವೆಯಿದ್ದುದರಿಂದ ನಾನು ಸುಮ್ಮನಾದೆ. ಮದುವೆ ಮುಗಿದ ಮೇಲೆ ತಣ್ಣೀರಿನಲ್ಲಿ ಒಮ್ಮೆ ಅದ್ದಿ ಒಣಗಿಸಿದ್ದಷ್ಟೇ; ಒಳಗಿನ ಲೈನಿಂಗ್ ಕುಗ್ಗಿ, ಮೇಲಿನ ಖಣ ಎದೆಯ ಮೇಲೆಲ್ಲ ನೆರಿಗೆಗಟ್ಟಿ, ಕಂಕುಳು ಬಿಗಿದು, ಹುಕ್ಕುಗಳು ಕೂಡದಂತಾದವು.

ಬಿಚ್ಚಿ ಅಗಲ ಮಾಡಿಸೋಣವೆಂದು ಪಕ್ಕದ ಹೊಲಿಗೆಯನ್ನು ಬಿಡಿಸಿ ನೋಡಿದರೆ, ಒಳಗೆ ಕಾಲು ಇಂಚು ಬಟ್ಟೆಯನ್ನೂ ಬಿಟ್ಟಿರಲಿಲ್ಲ. ರವಿಕೆಯ ಎರಡೂ ಪಕ್ಕಕ್ಕೆ ಕನಿಷ್ಠ 1 ಇಂಚು ಮಾರ್ಜಿನ್ ಬಿಡುವುದು ಒಳ್ಳೆಯ ದರ್ಜಿಯ ಮೊದಲ ಪಾಠವೆಂದು ನನ್ನ ನಂಬಿಕೆ. ದಯವಿಟ್ಟು ಮೈ ಅಳತೆಯನ್ನೇ ಕೊಡಿ. ಲೈನಿಂಗನ್ನು ಮನೆಯಲ್ಲೇ ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಮಾರ್ಜಿನ್ ಎಷ್ಟು, ಅಂಚು ಎಲ್ಲಿಗೆ ಬರಬೇಕು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.

ಉಳಿದ ತುಂಡುಗಳನ್ನೂ ಕೇಳಿ ಪಡೆಯಿರಿ. ಕಂಕುಳಿಗೆ ಪಟ್ಟಿ ಕೊಡಿಸಲು ನಾನು ಮತ್ತೆ ಹೋಗಿ ಕೇಳಿದಾಗ, ಅಂಗಡಿಯವರು ಹೊಲಿಗೆಯ ಕೂಲಿಯನ್ನು ಹಿಂದಿರುಗಿಸಿದರು. ಅಮ್ಮನ ಖಣದ ಚೂರುಗಳು ಮಾತ್ರ ಅಷ್ಟರಲ್ಲಿ ಕಸಕ್ಕೆ ಹೋಗಿದ್ದವು.